ಇಪ್ಪತ್ತಾರು ನಿಮಿಷ

ಸೆಮಿಸಿಯ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಟೋಂಗಾದ ಈ ಮೂಲೆಯ ಆರೋಗ್ಯ ಕಚೇರಿಗೆ ಅವನು ಮುಖ್ಯಸ್ಥ, ನಾನು ಅಂಕಿಅಂಶದ ಗುಮಾಸ್ತೆ. ನರ್ಸ್ ಲೂಪೆ ಕೇಳಿದ್ದು ಒಂದು ದೋಣಿ. ಇವನು ಸಹಿ ಹಾಕಿದ್ದು ಅವಳ ಎತ್ತಂಗಡಿಗೆ!

ಕಾರಣ, ಅವಳ ರೋಗಿಗಳು ಸರಾಸರಿ ನೂರು ನಿಮಿಷ ಕಾಯುತ್ತಾರಂತೆ. ಅರವತ್ತು ದಾಟಿದರೆ ನರ್ಸ್ ಬದಲಾಗಬೇಕೆಂಬುದು ನಿಯಮ. ಹದಿನೇಳು ವರ್ಷ ಇಲ್ಲೇ ಬೇರು ಬಿಟ್ಟವಳನ್ನು ಹೀಗೆ ಕಿತ್ತು ಹಾಕುವುದೇ?

ಕಂಪ್ಯೂಟರಿನಲ್ಲಿ ಹಾಳೆ ತೆರೆದೆ. ಲೂಪೆ ನೋಡಿಕೊಳ್ಳುವ ಮೂರು ಊರು, ಮೂರು ಸಾಲು. ದೊಡ್ಡ ಊರು ತಾಹಿಫೊದಲ್ಲಿ ನಾನೂರು ರೋಗಿಗಳು, ಇಪ್ಪತ್ತು ನಿಮಿಷ. ಎರಡು ಪುಟ್ಟ ದ್ವೀಪಗಳಲ್ಲಿ ಹತ್ತು ಹತ್ತೇ ಜನ, ಆದರೆ ಕಾಯುವುದು ನೂರನಲವತ್ತು ನಿಮಿಷ. ಯಾರದ್ದಾದರೂ ದೋಣಿ ಸಿಕ್ಕಾಗಲೇ ಲೂಪೆ ಅಲ್ಲಿಗೆ ಹೋಗಬೇಕು. ಪುಣ್ಯಾತ್ಮ ಮೂರು ಸಾಲನ್ನೂ ಕೂಡಿಸಿ ಮೂರರಿಂದ ಭಾಗಿಸಿದ್ದಾನೆ.

"ಏನ್ ಸರ್ ಇದು? ರೋಗಿಗಳ ಸಂಖ್ಯೆನ ತೂಕ ಅಂತ ಕೊಡ್ಬೇಕು ಸಾಫ್ಟ್‌ವೇರ್‌ಗೆ. ನಾನೂರು ಜನಕ್ಕೂ ಹತ್ತು ಜನಕ್ಕೂ ಒಂದೇ ಬೆಲೆನಾ?"

"ಒಂದೊಂದು ಊರಿಗೂ ಒಬ್ಬೊಬ್ಬ ಒಡೆಯರಿದ್ದಾರೆ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಮ್ಮಿ ತೂಕ ಹಾಕಿ ನಾನು ಅವರೆದುರು ಹೆಂಗೆ ತಲೆ ಎತ್ತಲಿ?"

"ಹಬ್ಬದೂಟಕ್ಕೆ ಹಂದಿ ಹಂಚ್ತಿದ್ದೀರಾ? ಅಲ್ಲಿ ಒಡೆಯರಿಗೆಲ್ಲ ಒಂದೊಂದು, ಸರಿ. ಇದು ಲೆಕ್ಕ!"

"ನಾಲಿಗೆ ಬಿಗಿಹಿಡಿದು ಮಾತಾಡು, ಕಲೊಲೈನೆ."

ನಾನೇಕೆ ಬಿಗಿಹಿಡಿಯಲಿ? ಅವನ ಕಣ್ಣೆದುರೇ ರೋಗಿಗಳ ಕಾಲಂ ಆರಿಸಿ ತೂಕ ಕೊಟ್ಟು ಗುಂಡಿ ಒತ್ತಿದೆ. ಇಪ್ಪತ್ತಾರು ನಿಮಿಷ! ಅದನ್ನು ನೇರ ರಾಜಧಾನಿಯ ಮೇಲಧಿಕಾರಿಗೆ ಕಳಿಸಿದೆ. ಮರುದಿನವೇ ಎತ್ತಂಗಡಿ ರದ್ದಾಯಿತು. ಸೆಮಿಸಿಯ ಮುಖ ಇಂಗು ತಿಂದ ಮಂಗನಂತಾಯಿತು. ನನಗೆ ಬಂದ ಖುಷಿಯನ್ನು ಮುಚ್ಚಿಡುವುದಿಲ್ಲ.

ಸೋಮವಾರ ಲೂಪೆ ಬರುತ್ತಾಳೆಂದು ತಿಳಿದು, ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿ ತಂದಿಟ್ಟಿದ್ದೆ. ಅವಳು ಬಂದವಳೇ ನನ್ನ ಮೇಜಿಗೆ ಒಂದು ಕಾಗದ ಬಿಸಾಡಿದಳು. ಸೆಮಿಸಿಯ ಸಹಿಯಿತ್ತು. ರೋಗಿಗಳು ಕಾಯುವುದು ಸರಾಸರಿ ಇಪ್ಪತ್ತಾರೇ ನಿಮಿಷವಾದ್ದರಿಂದ ದೋಣಿಯ ಅಗತ್ಯವಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ.

"ಅಕ್ಕ, ನಿನ್ನ ಕೆಲಸ ಉಳೀತಲ್ಲ..."

"ನನ್ನ ಕೆಲಸಕ್ಕಿಷ್ಟು ಬೆಂಕಿ ಹಾಕ! ಆ ಇಪ್ಪತ್ತು ಜನ ಕಾಯ್ತಾರೆ ಅನ್ನೋದು ಮೊನ್ನೆವರೆಗೆ ಕಾಗದದ ಮೇಲಾದ್ರೂ ಕಾಣ್ತಿತ್ತು. ನೀನು ಅವ್ರನ್ನ ನಾನೂರು ಜನದೊಳಗೆ ಮುಳುಗಿಸಿಬಿಟ್ಟೆ."

"ಲೆಕ್ಕ ಸರಿಯಾಗೇ ಇದೆ ಅಕ್ಕ."

"ಸರಿ ಇದ್ಯಾ? ಹಂಗಾದ್ರೆ ನೀನೇ ಬಾ. ಆ ದ್ವೀಪದ ದಡದಲ್ಲಿ ನನ್ನ ದಾರಿ ಕಾಯ್ತಾ ಒಬ್ಳು ತುಂಬು ಬಸುರಿ ಕೂತಿರ್ತಾಳೆ. ಇಪ್ಪತ್ತಾರೇ ನಿಮಿಷ ಕಣಮ್ಮ ಅಂತ ಅವಳಿಗೆ ಹೇಳು."

ಸೆಮಿಸಿ ಒಳಕೋಣೆಯಿಂದ ನಗುತ್ತ ಇಣುಕಿದ. "ತೂಕ ಬೇಕು ಅಂದೋಳು ನೀನೇ ಅಲ್ವೇನೇ?"

ಲೂಪೆ ಕೆಸುವಿನೆಲೆಯ ಪೊಟ್ಟಣವನ್ನು ಮುಟ್ಟದೆ ಹೊರಟುಹೋದಳು. ಈಗಲೂ ಸಂತೆಯಲ್ಲಿ ಎದುರಾದರೆ ಅವಳು ಮುಖ ತಿರುಗಿಸುತ್ತಾಳೆ.