ಬೀಗರ ಬಂಕಿನ ಪೆಟ್ರೋಲು

ನಾಯಂಡಹಳ್ಳಿ ಮೇಲ್ಸೇತುವೆಯ ಏರು ಹತ್ತುವಾಗ ಇಂಜಿನ್ನಿನ ಒಳಗಿನಿಂದ ಮತ್ತೆ ಅದೇ ಸದ್ದು ಬಂತು. ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ. ಸ್ಪಂದನ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಳು. ಹಿಂದಿದ್ದ ಬಸ್ಸು ಹಾರನ್ ಬಾರಿಸಿತು.

“ಗೇರ್ ಇಳಿಸೇ,” ಎಂದರು ಪಕ್ಕದಲ್ಲಿದ್ದ ಅಪ್ಪ ನಂಜುಂಡಪ್ಪ. ಕೆಂಗೇರಿಯಲ್ಲಿ ಬಾಡಿಗೆಗೆ ಕೊಟ್ಟಿರುವ ಮನೆ ನೋಡಿಕೊಂಡು ಬರಲು ಪ್ರತಿ ಭಾನುವಾರ ಅವರಿಗೆ ಈ ಕಾರು ಬೇಕು. “ಓಡ್ಸೋಕೇ ಬರಲ್ಲ, ಟರ್ಬೊ ಬೇರೆ ಕೇಡು.”

“ಗೇರ್ ಅಲ್ಲಪ್ಪ, ಪೆಟ್ರೋಲು.”

“ಬೀಗರು ಯೋಗಾನಂದ್ ಅವ್ರು ನೀರು ಬೆರೆಸ್ತಾರೆ ಅಂತೀಯಾ?”

“ಹಾಗಂದ್ನಾ? ಪೆಟ್ರೋಲು ಚೆನ್ನಾಗೇ ಇದೆ. ನನ್ನ ಕಾರಿಗೆ ಆಗಲ್ಲ ಅಷ್ಟೇ.”

ಇದನ್ನು ಎಷ್ಟು ಸಲ ಹೇಳಿದ್ದಳೋ. ಕಾರು ಸೆಕೆಂಡ್ ಹ್ಯಾಂಡು, ಆದರೆ ಸ್ವಂತ ಸಂಬಳದಲ್ಲಿ ಕೊಂಡದ್ದು. ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಪೆಟ್ರೋಲಿನ ಆಕ್ಟೇನ್ ಅಂಕ ಕನಿಷ್ಠ 95 ಇರಬೇಕೆಂದು ಅಚ್ಚಾಗಿದೆ. ಬೀಗರ ಬಂಕಿನದು 91. ಈ ಇಂಜಿನ್ನಿನ ಒತ್ತಡಕ್ಕೆ ಅದು ಹೊತ್ತಬಾರದ ಗಳಿಗೆಯಲ್ಲಿ ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆಯಂತೆ ಬಡಿಯುತ್ತದೆ. ಹೀಗೇ ಓಡಿಸಿದರೆ ಒಂದು ದಿನ ಪಿಸ್ಟನ್ ಒಡೆಯುತ್ತದೆ. ಇಷ್ಟೇ ವಿಷಯ.

ಆದರೆ ಬಂಕು ಅಕ್ಕ ದೀಪ್ತಿಯ ಮಾವ ಯೋಗಾನಂದರದು. ಅಕ್ಕನ ಮದುವೆಯಾದಾಗಿನಿಂದ ಮೂಡಲಪಾಳ್ಯದ ಈ ಮನೆಯವರ ಸ್ಕೂಟರು, ಕಾರು, ಚಿಕ್ಕಪ್ಪನ ನೀರಿನ ಟ್ಯಾಂಕರು ಎಲ್ಲವೂ ಅಲ್ಲೇ ನಿಲ್ಲಬೇಕು. ಬೇರೆ ಕಡೆ ಹಾಕಿಸಿದರೆ ಬೀಗರ ಮನೆಯಲ್ಲಿ ಊಟದ ಎಲೆ ಬಿಟ್ಟು ಎದ್ದುಬಂದ ಹಾಗೆ. ಸ್ಪಂದನ ಒಮ್ಮೆ ಎದುರಿನ ಬಂಕಿನಲ್ಲಿ 95 ಹಾಕಿಸಿದ್ದಳು. ಸಂಜೆಗೇ ಅಕ್ಕನ ಫೋನು.

“ಮಾವ ಊಟಕ್ಕೆ ಕೂತಾಗ ‘ನಮ್ಮ ಪೆಟ್ರೋಲು ಹುಳಿಯಾಗಿದ್ಯೇನಮ್ಮ’ ಅಂದ್ರು ಕಣೇ. ಇಲ್ಲಿ ಬಾಳ್ವೆ ಮಾಡ್ಬೇಕಾಗಿರೋಳು ನಾನು.”

ಇವತ್ತು ನೇರವಾಗಿ ಕೇಳಿಯೇ ಬಿಡೋಣವೆಂದು ಅವಳು ಬಂಕಿಗೆ ಕಾರು ತಿರುಗಿಸಿದಳು. ಯೋಗಾನಂದ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, ಕುರ್ಚಿ ಹಾಕಿಸಿ, ಕಾಫಿ ತರಿಸಿದರು. ಅವಳು ಹೇಳಿದ್ದನ್ನೆಲ್ಲ ಕೇಳಿ ನಕ್ಕರು.

“ತೊಂಬತ್ತೊಂದಕ್ಕೂ ತೊಂಬತ್ತೈದಕ್ಕೂ ನಾಲ್ಕು ಮಾರ್ಕ್ಸ್ ತಾನೇ ವ್ಯತ್ಯಾಸ? ಎರಡೂ ಡಿಸ್ಟಿಂಕ್ಷನ್ನೇ ಅಲ್ವೇನಮ್ಮ!”

“ಅಂಕಲ್, ಇದು ಮಾರ್ಕ್ಸ್ ಅಲ್ಲ.”

“ನಾನೂ ಆ ಪೆಟ್ರೋಲು ಇಟ್ಟಿದ್ದೆ ತಾಯಿ. ಯಾರೂ ಕೇಳ್ಲಿಲ್ಲ, ತೆಗೆಸ್ದೆ. ನಿನಗೆ ಬೇಕಂದ್ರೆ ಎದುರುಗಡೆ ಹಾಕಿಸ್ಕೋ. ನನಗೇನೂ ಬೇಜಾರಿಲ್ಲ.”

ಬೇಜಾರಿಲ್ಲ ಎಂದವರು ಮಾಸ್ಕನ್ನು ಮತ್ತೆ ಮೂಗಿಗೆ ಏರಿಸಿಕೊಂಡರು. ಅಪ್ಪ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟರು. “ಫುಲ್ ಮಾಡಪ್ಪ,” ಎಂದು ತಾವೇ ಬಂಕಿನ ಹುಡುಗನಿಗೆ ಹೇಳಿದರು. ಸ್ಪಂದನ ಮೀಟರು ಓಡುವುದನ್ನು ನೋಡುತ್ತ ನಿಂತಳು.

ಮರುದಿನ ಬೆಳಿಗ್ಗೆ ಕಾರಿನ ಬಳಿ ಹೋದಾಗ ಬಟ್ಟೆಯ ಬೀರುವಿನ ವಾಸನೆ. ಅಪ್ಪ ಕೈ ಒರೆಸಿಕೊಳ್ಳುತ್ತಿದ್ದರು.

“ಇನ್ನು ಸದ್ದು ಬರಲ್ಲ. ನುಸಿಗುಳಿಗೆ ಹಾಕಿದೀನಿ. ನಮ್ಮ ಕಾಲದಲ್ಲಿ ಬೈಕಿಗೆ ಎಲ್ಲಾರೂ ಹಾಕೋರು. ಪವರ್ ಏರುತ್ತೆ.”

“ಟ್ಯಾಂಕಿಗಾ?”

“ಮತ್ತೆ ಸೀಟಿಗೆ ಹಾಕ್ತಾರಾ?”

ಅವಳು ಕಾರಿನ ಕೀಲಿಯನ್ನು ಚೀಲಕ್ಕೆ ಹಾಕಿಕೊಂಡಳು. ಕೂಗಾಡಿದರೆ ಅಮ್ಮ ಬರುತ್ತಾಳೆ, ಚಿಕ್ಕಪ್ಪ ಬರುತ್ತಾನೆ, ಮಾತು ಬೀಗರ ಮನೆಯವರೆಗೆ ಹೋಗುತ್ತದೆ. ಕಾರನ್ನು ಚಾಲೂ ಕೂಡ ಮಾಡಲಿಲ್ಲ. ಅಪ್ಪ ಹೊರಗೆ ಹೋದ ಮೇಲೆ ಎಳೆಸಿಕೊಂಡು ಹೋಗಿ ಗ್ಯಾರೇಜಿನಲ್ಲಿ ಟ್ಯಾಂಕು ಇಳಿಸಿ ತೊಳೆಸಿದಳು. ಮನೆಯಲ್ಲಿ ಸರ್ವಿಸಿಗೆ ಬಿಟ್ಟಿದ್ದೆ ಎಂದಳು. ಆರ್‌ಆರ್ ನಗರದ ಕಡೆ, ಗುರುತಿನವರಿಲ್ಲದ ಒಂದು ಬಂಕಿನಲ್ಲಿ 95 ಹಾಕಿಸಿದಳು. ತನ್ನದೇ ಕಾರಿಗೆ ಪೆಟ್ರೋಲು ಹಾಕಿಸಲು ಕಳ್ಳಿಯ ಹಾಗೆ ಅಷ್ಟು ದೂರ ಹೋಗಬೇಕಾಯಿತಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿದಳು.

ಮುಂದಿನ ಭಾನುವಾರ ಕೆಂಗೇರಿಯಿಂದ ಬರುವಾಗ ಮತ್ತೆ ಅದೇ ಏರು. ಅಪ್ಪ ಕಿವಿ ಕೊಟ್ಟು ಕೂತರು. ಕಾರು ಸದ್ದಿಲ್ಲದೆ ಹತ್ತಿತು.

“ನೋಡ್ದ್ಯಾ?” ಅಪ್ಪ ತೊಡೆ ತಟ್ಟಿಕೊಂಡರು. “ಗುಳಿಗೆ ಕೆಲಸ ಮಾಡ್ತು. ಸುಮ್ನೆ ಬೀಗರ ಮನಸ್ಸು ನೋಯಿಸ್ದೆ. ಇನ್ಮೇಲೆ ಅಲ್ಲಿ ಫುಲ್ ಮಾಡ್ಸಿದಾಗೆಲ್ಲ ನಾನೇ ಗುಳಿಗೆ ಹಾಕಿಕೊಡ್ತೀನಿ. ತಡಿ, ಯೋಗಾನಂದ್ ಅವ್ರಿಗೆ ಹೇಳ್ತೀನಿ.”

ಹಳೇ ಹಾಡು ಕೇಳಲೆಂದು ಅಪ್ಪನ ಫೋನನ್ನು ಅವಳೇ ಕಾರಿಗೆ ಜೋಡಿಸಿಕೊಟ್ಟಿದ್ದಳು. ರಿಂಗಾಗುವ ಸದ್ದು ಕಾರಿನ ಸ್ಪೀಕರಿನಲ್ಲಿ ಕೇಳಿಸಿತು.

ಸುಮ್ಮನಿದ್ದರೆ ಎಲ್ಲರಿಗೂ ನೆಮ್ಮದಿ. ಇಂಜಿನ್ನಿಗೆ ಬಿಟ್ಟು.

“ಹೇಳಿ ಬೀಗರೇ,” ಎಂಬ ಯೋಗಾನಂದರ ದನಿ ಕಾರಿನ ತುಂಬ ತುಂಬಿತು. “ಹೇಗಿದೆ ಮಗಳ ಕಾರು?”

“ಫಸ್ಟ್ ಕ್ಲಾಸ್! ನಿಮ್ಮ ಪೆಟ್ರೋಲೇ—”

“ಅಂಕಲ್, ನಾನು ಸ್ಪಂದನ,” ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. “ನಿಮ್ಮ ಪೆಟ್ರೋಲು ಅಲ್ಲ. ಅಪ್ಪ ಟ್ಯಾಂಕಿಗೆ ನುಸಿಗುಳಿಗೆ ಹಾಕಿದ್ರು, ಎಲ್ಲಾ ತೆಗೆಸಿ ತೊಳೆಸ್ದೆ. ಈಗಿರೋದು ಆರ್‌ಆರ್ ನಗರದಲ್ಲಿ ಹಾಕಿಸಿದ ತೊಂಬತ್ತೈದು. ಇನ್ಮೇಲೂ ಅದನ್ನೇ ಹಾಕಿಸ್ತೀನಿ. ಅಕ್ಕನಿಗೆ ಇದು ಗೊತ್ತಿಲ್ಲ, ಅವಳನ್ನ ಏನೂ ಕೇಳ್ಬೇಡಿ.”

“ಅಷ್ಟು ದೂರ ಹೋಗಿ ಹಾಕಿಸ್ಕೊಂಡ್ಯಾ ತಾಯಿ,” ಎಂದರು ಯೋಗಾನಂದ. ಫೋನು ಕಟ್ಟಾಯಿತು.

ಅಪ್ಪ ಕಿಟಕಿಯ ಕಡೆ ತಿರುಗಿದರು. “ಹಾಳು ಮಾಡ್ದೆ.”

ಎರಡು ನಿಮಿಷದಲ್ಲಿ ಅವಳ ಫೋನು ಬಡಿದುಕೊಳ್ಳತೊಡಗಿತು. ಅಕ್ಕ. ಅದು ನಿಂತು, ಮತ್ತೆ ಶುರುವಾಯಿತು. ಸ್ಪಂದನ ಗೇರ್ ಬದಲಿಸಿದಳು. ಇಂಜಿನ್ ಮಾತ್ರ ತೆಪ್ಪಗೆ ಓಡುತ್ತಿತ್ತು.