ಮೂರನೇ ಮಷಿನ್ನಿನ ಬೀಗ

ತ್ರಿಶಲಾ ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತುತ್ತಿದ್ದಳು. ಗಿರಾಕಿಗಳು ಬರುವುದು ಒಂಬತ್ತೂವರೆಯ ಮೇಲೆ. ನಡುವಿನ ಹೊತ್ತೆಲ್ಲ ಆರು ಕಂಪ್ಯೂಟರುಗಳಿಗೇ ಹೋಗುತ್ತಿತ್ತು. ಡ್ರಾವರಿನಿಂದ ಸಿಡಿ ತೆಗೆದು ಒಂದೊಂದಕ್ಕೇ ಹಾಕಿ, ಬ್ರೌಸರಿನಲ್ಲಿ ವಿಡಿಯೊ ತೋರಿಸುವ ಹಳೆಯ ಪ್ಲಗ್-ಇನ್ ತೆಗೆದು ಹೊಸದನ್ನು ಕೂರಿಸುವ ಕೆಲಸ. ಹಳೆಯದರಲ್ಲಿ ತೂತು ಇತ್ತು. ಯಾರಾದರೂ ಕೆಟ್ಟ ಪುಟ ತೆರೆದರೆ ಆ ತೂತಿನಿಂದ ಕಳ್ಳ ಪ್ರೋಗ್ರಾಂ ಒಳಗೆ ಬಂದು, ಆಮೇಲೆ ಅದೇ ಕುರ್ಚಿಯಲ್ಲಿ ಕೂತವರ ಪಾಸ್‌ವರ್ಡನ್ನು ಕದ್ದು ಕಳಿಸುತ್ತಿತ್ತು.

ನಿನ್ನೆಯೂ ಇದನ್ನೇ ಮಾಡಿದ್ದಳು, ಮೊನ್ನೆಯೂ. ರಾತ್ರಿ ಕಂಪ್ಯೂಟರ್ ಆರಿಸಿ ಬೆಳಿಗ್ಗೆ ಹಚ್ಚಿದರೆ ಮತ್ತೆ ಹಳೆಯ ಪ್ಲಗ್-ಇನ್ ಬಂದು ಕೂತಿರುತ್ತಿತ್ತು.

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಈ ಸೈಬರ್ ಕೆಫೆಯನ್ನು ಇಟ್ಟವನು ಅವಳ ಗಂಡ ಜಿನದತ್ತ. ಗಿರಾಕಿಗಳು ಏನೇನೋ ತುಂಬಿ ಕೆಡಿಸುತ್ತಾರೆಂದು ಆರಕ್ಕೂ ಒಂದು ಬೀಗದ ಸಾಫ್ಟ್‌ವೇರ್ ಹಾಕಿದ್ದ. ದಿನವಿಡೀ ಯಾರು ಏನೇ ಮಾಡಲಿ, ಮತ್ತೆ ಚಾಲೂ ಮಾಡಿದಾಗ ಕಂಪ್ಯೂಟರ್ ಬೀಗ ಹಾಕಿದ ದಿನ ಹೇಗಿತ್ತೋ ಹಾಗೇ ಆಗಬೇಕು. ಶುಕ್ರವಾರ ಬೀಗ ಹಾಕಿದ. ಭಾನುವಾರ ಸಂಜೆ ಸಂಕೇಶ್ವರದಿಂದ ಬರುವಾಗ, ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬೈಕ್ ಹೋಗಿ ಬಡಿಯಿತು. ಪಾಸ್‌ವರ್ಡನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅವನು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ತ್ರಿಶಲಾ ತನ್ನ ಹೆಸರು ಹಾಕಿ ನೋಡಿದ್ದಳು. ಮದುವೆಯ ತಾರೀಖು, ಬೈಕಿನ ನಂಬರು, ಅತ್ತೆಯ ಹೆಸರು, ಇಪ್ಪತ್ನಾಲ್ಕು ತೀರ್ಥಂಕರರ ಹೆಸರು. ಯಾವುದೂ ಅಲ್ಲ. ತನ್ನ ಹೆಸರನ್ನಂತೂ ಕಾಗುಣಿತ ಬದಲಿಸಿ ಬದಲಿಸಿ ನಾಲ್ಕು ಸಲ ಒತ್ತಿದ್ದಳು.

ಕಂಪ್ಯೂಟರ್ ರಿಪೇರಿ ಮಾಡುವ ಗೊಮ್ಮಟೇಶ ಸಂಕೇಶ್ವರದವನು, ಜಿನದತ್ತನ ಗೆಳೆಯ. ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದರೆ ಒಂದು ದಿನದ ಕೆಲಸ ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಪಾಸ್‌ವರ್ಡ್ ಸಿಗಬಹುದು, ಇನ್ನಷ್ಟು ದಿನ ನೋಡೋಣ ಎಂದು ಅವಳು ತಳ್ಳುತ್ತಿದ್ದಳು. ಕಾರಣ ಮೂರನೇ ಮಷಿನ್ನಿನಲ್ಲಿತ್ತು. ಬೀಗ ಹಾಕಿದ ದಿನ ಜಿನದತ್ತ ಅದರ ಪರದೆಯ ಮೇಲೆ ನಾಲ್ಕು ಸಾಲು ಬರೆದು ಅಳಿಸದೆ ಬಿಟ್ಟಿದ್ದ. ಬ್ಯಾಟರಿಗೆ ನೀರು. ಐದನೇದಕ್ಕೆ ಹೊಸ ಮೌಸ್. ಭಾನುವಾರ ಸಂಕೇಶ್ವರ. ತ್ರಿಶಲಾಗ ಚಪ್ಪಲಿ. ಯಾವ ಗಿರಾಕಿ ಅಳಿಸಿದರೂ ಮರುದಿನ ಬೆಳಿಗ್ಗೆ ಆ ನಾಲ್ಕು ಸಾಲು ಇದ್ದಲ್ಲೇ ಇರುತ್ತಿದ್ದವು.

ಅಂಗಡಿಗೆ ಹೆಚ್ಚಾಗಿ ಬರುತ್ತಿದ್ದವರು ಹುಡುಗಿಯರು. ಬೇರೆ ಕೆಫೆಗಳಿಗೆ ಕಳಿಸದ ಅಪ್ಪಂದಿರು ಇಲ್ಲಿಗೆ ಕಳಿಸುತ್ತಿದ್ದರು. ಕುಲಗೋಡದ ಲಗಮಪ್ಪನಂತೂ ಪ್ರತಿ ಶನಿವಾರ ಮಗಳು ಶೋಭಾಳನ್ನು ತಾನೇ ಬಸ್ಸಿನಲ್ಲಿ ಕರೆತಂದು, ಅವಳ ಕೆಲಸ ಮುಗಿಯುವವರೆಗೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಶೋಭಾ ನರ್ಸಿಂಗ್ ಮುಗಿಸಿ ಊರೂರಿನ ಆಸ್ಪತ್ರೆಗಳಿಗೆ ಅರ್ಜಿ ಹಾಕುತ್ತಿದ್ದಳು.

ಒಂದು ಶನಿವಾರ ಹನ್ನೊಂದಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಕುಂಯ್ ಎಂದು ನಿಂತಿತು. ಕರೆಂಟು ಬಂದಾಗ ಆರೂ ಕಂಪ್ಯೂಟರುಗಳು ಹೊಸದಾಗಿ ಎದ್ದವು. ಬೆಳಗಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ತ್ರಿಶಲಾ ಸಿಡಿ ಕೈಗೆ ತೆಗೆದುಕೊಂಡಳು, ಆರು ಪರದೆಗಳನ್ನು ನೋಡಿದಳು, ಮತ್ತೆ ಡ್ರಾವರಿಗೆ ಹಾಕಿದಳು. ಒಂದು ದಿನಕ್ಕೆ ಏನಾಗುತ್ತದೆ ಅನಿಸಿತು. ಯಾರೋ ಇಬ್ಬರು ಸಿನಿಮಾದ ಹಾಡು ಹುಡುಕಿ ಎದ್ದು ಹೋದರು. ಅವರೆದ್ದ ಕುರ್ಚಿಯಲ್ಲಿ ಶೋಭಾ ಬಂದು ಕೂತಳು.

ಬುಧವಾರ ಲಗಮಪ್ಪ ಒಬ್ಬನೇ ಬಂದ. ಮಗಳ ಹೆಸರಿನಲ್ಲಿ ಯಾರೋ ಅವಳ ಗೆಳತಿಯರಿಗೆ, ಅರ್ಜಿ ಹಾಕಿದ ಆಸ್ಪತ್ರೆಗಳಿಗೆ ಬಾಯಲ್ಲಿ ಹೇಳಬಾರದಂಥ ಇ-ಮೇಲ್ ಕಳಿಸಿದ್ದರು. ಹುಡುಗಿ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅವನು ದನಿ ಏರಿಸಲಿಲ್ಲ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ.

"ಅಕ್ಕಾರ, ಕಂಪ್ಯೂಟರಂದ್ರ ನನಗ ತಿಳಿಯೂದಿಲ್ರಿ. ನೀವು ಇಲ್ಲಿ ಕುಂದರ್ತೀರಿ ಅಂತ ಆಕಿನ್ನ ಕಳಸ್ತಿದ್ದೆ. ನಿಮ್ಮನ್ನ ನೋಡಿ ಕಳಸ್ತಿದ್ದೆ."

ಅವಳ ಬಾಯಿಗೆ ಕರೆಂಟು, ಇನ್ವರ್ಟರು, ಬೀಗ ಎಲ್ಲ ಬಂದವು.

"ನಂದ ತಪ್ಪರಿ ಕಾಕಾ. ಆವತ್ತ ಮಾಡೂದು ಬಿಟ್ಟೆ."

ಆಸ್ಪತ್ರೆಗಳಿಗೆಲ್ಲ ನಡೆದದ್ದನ್ನು ತಿಳಿಸಿ ತಾನೇ ಕಾಗದ ಬರೆದು, ಅವನ ಎದುರಿಗೇ ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟಳು. ಅವನು ಹೋದ ಮೇಲೆ ಗೊಮ್ಮಟೇಶನಿಗೆ ಫೋನ್ ಮಾಡಿದಳು.

ಭಾನುವಾರ ಶಟರನ್ನು ಅರ್ಧ ಇಳಿಸಿ ಒಂದೊಂದನ್ನೇ ಅಳಿಸುತ್ತ ಬಂದರು. ಮೂರನೆಯದನ್ನು ಅವಳು ಕೊನೆಗೆ ಇಡಿಸಿದ್ದಳು. ಅದರ ಸರದಿ ಬಂದಾಗ ಗೊಮ್ಮಟೇಶ ನಾಲ್ಕು ಸಾಲು ಓದಿ, ಎರಡನೇ ಸಲ ಓದಿ, ಜೇಬಿನಿಂದ ಪೆನ್ ಡ್ರೈವ್ ತೆಗೆದ.

"ವೈನಿ, ಇದನ್ನ ಇದರಾಗ ಇಟ್ಟಕೊಳ್ರಿ."

"ಬ್ಯಾಡ. ಬಾಯಿಪಾಠ ಆಗೇತಿ."

ಅವನು ಕೀಲಿಮಣೆಯಿಂದ ಕೈ ತೆಗೆದ. ಗುಂಡಿ ಒತ್ತಿದವಳು ಅವಳೇ. ಪರದೆ ನೀಲಿಯಾಯಿತು, ಒಂದರಿಂದ ನೂರರವರೆಗೆ ಎಣಿಸತೊಡಗಿತು. ಅರವತ್ತಕ್ಕೆ ಬಂದಿದ್ದಾಗ, ಹೊತ್ತು ಮುಳುಗುವುದರೊಳಗೆ ಉಣ್ಣಲಿ ಎಂದು ಅತ್ತೆ ಕಮಲವ್ವ ಬುತ್ತಿ ತಂದಳು. ಮೂವರೂ ಪರದೆಗೆ ಬೆನ್ನು ಮಾಡಿ ರೊಟ್ಟಿ ತಿಂದರು.

ಹೊಸ ಪ್ಲಗ್-ಇನ್ ಹಾಕಿ, ಅದರ ಮೇಲೆ ಹೊಸ ಬೀಗ ಹಾಕುವಾಗ ಗೊಮ್ಮಟೇಶ ಮುಖ ಆಚೆ ತಿರುಗಿಸಿದ. ತ್ರಿಶಲಾ ಪಾಸ್‌ವರ್ಡ್ ಒತ್ತಿದಳು. ಅದನ್ನು ಚೀಟಿಯಲ್ಲಿ ಬರೆದು, ಮಡಚಿ, ಅಕ್ಷರ ಬಾರದ ಅತ್ತೆಯ ಕೈಗೆ ಕೊಟ್ಟಳು.

"ಇದೇನ?"

"ಕೀಲಿ. ನಿಮ್ಮ ಟ್ರಂಕನ್ಯಾಗ ಇಡ್ರಿ."

ಕಮಲವ್ವ ಚೀಟಿಯನ್ನು ತಿರುಗಿಸಿ ನೋಡಿದಳು. "ಅಂವಾ ನನ್ನ ಕೈಯಾಗೂ ಒಂದ ಕೊಟ್ಟಿದ್ರ ಆಗ್ತಿತ್ತು" ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಎರಡು ಶನಿವಾರ ಶೋಭಾ ಬರಲಿಲ್ಲ. ಮೂರನೆಯದಕ್ಕೆ ಬಂದಳು. ಲಗಮಪ್ಪ ಈ ಸಲ ಕಟ್ಟೆಯ ಮೇಲೆ ಕೂರದೆ ಒಳಗೇ ಬಂದು, ಮಗಳ ಹಿಂದೆ ಸ್ಟೂಲು ಹಾಕಿಕೊಂಡು, ಅರ್ಥವಾಗದ ಪರದೆಯನ್ನೇ ನೋಡುತ್ತ ಕೂತ. ತ್ರಿಶಲಾ ಚಹಾ ತರಿಸಿದಳು. ಅವನು ಕುಡಿದ.

ಅಂದು ಸಂಜೆ ಮೂರನೇ ಮಷಿನ್ನಿನ ಮೂಲೆಯಲ್ಲಿ ಸಣ್ಣ ಚೌಕ ಮೂಡಿತು. ಪ್ಲಗ್-ಇನ್ನಿನಲ್ಲಿ ಇನ್ನೊಂದು ತೂತು ಸಿಕ್ಕಿತ್ತು, ಇನ್ನೊಂದು ಆವೃತ್ತಿ ಬಂದಿತ್ತು. ಅವಳು ಆರಕ್ಕೂ ಬೀಗ ತೆಗೆದು, ಹೊಸದನ್ನು ಕೂರಿಸಿ, ಮತ್ತೆ ಬೀಗ ಹಾಕಿ ಮನೆಗೆ ಹೋದಳು.

ಮರುದಿನ ರೂಢಿಯಂತೆ ಎಂಟಕ್ಕೇ ಶಟರ್ ಎತ್ತಿ, ಸಿಡಿ ಕೈಯಲ್ಲಿ ಹಿಡಿದು ಮೂರನೆಯದನ್ನು ಹಚ್ಚಿದಳು. ಪರದೆಯಲ್ಲಿ ಸಾಲುಗಳಿರಲಿಲ್ಲ. ನಿನ್ನೆ ಮಾಡಿದ್ದು ಹಾಗೇ ಇತ್ತು.