ಚಪ್ಪಲಿ ಇಲ್ಲೇ ಐತಲ್ರಿ

ಶೂ, ಮತ್ತೊಂದು ಜೊತೆ ಶೂ, ಹಿಮ್ಮಡಿ ಒಂದೇ ಕಡೆ ಸವೆದ ಸ್ಯಾಂಡಲ್ಲು, ಮಳೆಗಾಲಕ್ಕೆಂದು ಕೊಂಡು ಬೇಸಿಗೆಗೂ ಎಳೆದಾಡಿದ ರಬ್ಬರ್ ಸ್ಲಿಪ್ಪರು — ಒಂದೂ ನಿಲ್ಲಲಿಲ್ಲ, ಎಲ್ಲವೂ ಗಾಜಿನ ಬಾಗಿಲು ದಾಟಿ ಸೀದಾ ಒಳಗೆ ಹೋದವು, ಹೋಗಲಿ ಬಿಡು, ಇವತ್ತೊಂದು ದಿನ, ಅಂದುಕೊಂಡಳು ಚಪ್ಪಲಿ ಕಾಯುವ ರಹೀಮುನ್ನೀಸಾ ಮುಖ ಎತ್ತದೆ, ಹನ್ನೊಂದು ವರ್ಷದಿಂದ ಅವಳಿಗೆ ಜನ ಗೊತ್ತಾಗುವುದು ಕಾಲಿನಿಂದಲೇ, ಮುಖ ಆಮೇಲೆ, ಹೆಸರು ನೆನಪಾದರೆ ಆಯಿತು ಇಲ್ಲದಿದ್ದರೆ ಇಲ್ಲ. ಐದು ಗಂಟೆಗೆ ಮನೆಸಿರಿ ಬಜಾರಿನ ಷಟರ್ ಇಳಿಯುತ್ತದೆ, ಹೊನ್ನಾಳಿಯದು, ನ್ಯಾಮತಿಯದು, ಜಗಳೂರಿನದು ಆಗಲೇ ಇಳಿದಾಯಿತು, ಉಳಿದದ್ದು ಚನ್ನಗಿರಿಯದೊಂದು, ಇದೂ ಇಳಿದರೆ ಮತ್ತೆ ಏಳುವುದಿಲ್ಲ, ಎಲ್ಲದಕ್ಕೂ ಎಪ್ಪತ್ತು ಪರ್ಸೆಂಟ್ ರಿಯಾಯಿತಿ ಎಂದು ಗಾಜಿಗೆ ಅಂಟಿಸಿದ ಕಾಗದ ಒಂದು ಮೂಲೆ ಬಿಟ್ಟುಕೊಂಡು ಪಟಪಟ ಅನ್ನುತ್ತಿದೆ. ಮೂರೂವರೆ ಆಗಿರಬೇಕು, ಎದುರಿನ ಮೆಡಿಕಲ್ ಷಾಪಿನ ಬೋರ್ಡಿನ ನೆರಳು ಮೊದಲನೇ ಮೆಟ್ಟಿಲು ಮುಟ್ಟಿದೆ, ಬಸವಾಪಟ್ಟಣದ ಬಸ್ಸು ಬಂದಿರಬೇಕು, ಬಂದಿದ್ದರೆ ಕೊಲ್ಲಾಪುರಮ್ಮ ಇಳಿದಿರಬೇಕು, ಕಂಡಕ್ಟರ್ ಕೈಯಲ್ಲಿ ಎರಡು ಸಲ ಹೇಳಿ ಕಳಿಸಿದ್ದಾಯಿತು, ಅಂಗಡಿ ಮುಚ್ಚುತ್ತೆ, ನಿಮ್ಮದೊಂದು ವಸ್ತು ನನ್ನ ಹತ್ರ ಐತೆ, ಬರ್ರಿ ಎಂದು. ಸ್ಟೂಲಿನ ಕೆಳಗೆ, ಮನೆಸಿರಿಯದೇ ಹಳದಿ ಚೀಲದಲ್ಲಿ, ಒಂದು ಜೊತೆ ನೀಲಿ ಚಪ್ಪಲಿ, ಎಡಗಾಲಿನದರ ಪಟ್ಟಿ ಕಿತ್ತುಹೋಗಿ ಅದಕ್ಕೆ ಹಾಕಿದ ಪಿನ್ನು, ಪಿನ್ನಿಗೆ ಈಗ ತುಕ್ಕು. ಇದನ್ನು ಆ ತಾಯಿಯ ಕೈಗೆ ಕೊಡಬೇಕು, ಆರು ವರ್ಷದ ಹಿಂದೆ ನಾನು ನಿಮಗೆ ಮೋಸ ಮಾಡಿದೆ ಎಂದು ಬಾಯಿಬಿಟ್ಟು ಹೇಳಬೇಕು, ಬೈದರೆ ಬೈಸಿಕೊಳ್ಳಬೇಕು, ಅಷ್ಟಾದರೆ ಹಗುರಾಗಿ ಮನೆಗೆ ಹೋಗಬಹುದು.

ಮಿಕ್ಕಂತೆ ಅವಳಿಗೇನು ಕೊರತೆ, ಏನೂ ಇಲ್ಲ, ಮಗಳು ರುಕ್ಸಾನಾ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಗುಂಡಿ ಹಾಕಿಕೊಂಡು ಕೂತರೆ ಸಾಕು ಬಾ ಅಮ್ಮಿ ಎಂದಿದ್ದಾಳೆ, ಗಂಡ ಅಲ್ಲಾವುದ್ದೀನ್ ಬೆಳಿಗ್ಗೆ ಚಹಾ ಕುಡಿಯುತ್ತಾ, ಇಡೀ ತಾಲೂಕಿನ ಚಪ್ಪಲಿ ಕಾದೆ, ಇನ್ನಾದರೂ ನನ್ನದೊಂದು ಜೊತೆ ಎಲ್ಲಿದೆ ನೋಡು ಎಂದು ರೇಗಿಸಿದ್ದಾನೆ, ಸಿಕ್ಕಿರಲಿಲ್ಲ, ಅವನ ಕಾಲಲ್ಲೇ ಇತ್ತು. ಚಪ್ಪಲಿ ಕಾಯುವುದು ಒಂದು ಕೆಲಸ ಎಂದು ಕಂಪನಿಗೂ ಗೊತ್ತಿರಲಿಲ್ಲ, ಅಂಗಡಿ ತೆರೆದ ಮೊದಲನೇ ದಿನ, ಬಾಗಿಲಿಗೆ ಬಾಳೆಕಂದು ಕಟ್ಟಿದ್ದಾರೆ, ಒಳಗಿನಿಂದ ಏಸಿಯ ತಣ್ಣನೆ ಗಾಳಿ, ಸಾಸ್ವೆಹಳ್ಳಿಯ ಒಬ್ಬ ಅಜ್ಜಿ ಹೊಸ್ತಿಲಲ್ಲಿ ನಿಂತು ನೆಲ ನೋಡುತ್ತಾಳೆ, ನೆಲದಲ್ಲಿ ಟ್ಯೂಬ್‌ಲೈಟು ಕಾಣುತ್ತಿದೆ, ತನ್ನ ಮುಖವೂ ಕಂಡಿರಬೇಕು, ಸುಮ್ಮನೆ ಚಪ್ಪಲಿ ಬಿಟ್ಟು ಒಳಗೆ ಹೋದಳು, ಹಿಂದಿದ್ದವರೂ ಬಿಟ್ಟರು, ಒಬ್ಬರು ಬಿಟ್ಟ ಮೇಲೆ ಇನ್ನೊಬ್ಬರು ಮೆಟ್ಟಿಕೊಂಡು ಹೋಗುವುದುಂಟೇ, ಅರ್ಧ ಗಂಟೆಯಲ್ಲಿ ಮೆಟ್ಟಿಲು ತುಂಬಿ ರಸ್ತೆಯವರೆಗೂ ಚಪ್ಪಲಿ. ಮೈಸೂರಿನಿಂದ ಬಂದ ಮ್ಯಾನೇಜರ್ ಪ್ರಸನ್ನಕುಮಾರ್ ಟೈ ಹಾರಿಸಿಕೊಂಡು ಓಡಿಬಂದು, ಹಾಕಿಕೊಂಡೇ ಬನ್ನಿ, ದಯವಿಟ್ಟು ಹಾಕಿಕೊಂಡೇ ಬನ್ನಿ ಎಂದು ಕೈಮುಗಿದರೆ, ಇಷ್ಟು ಚೊಕ್ಕ ನೆಲ ತುಳಿಯಾಕೆ ನಮಗೇನು ಬುದ್ಧಿ ಇಲ್ಲೇನಪ್ಪ ಎಂದು ಅಜ್ಜಿ ಅವನಿಗೇ ಬುದ್ಧಿ ಹೇಳಿತು. ಆಮೇಲೆ ಹೊರಗೆ ಬಂದವರದು ಅದಲುಬದಲು, ಕಿತ್ತಾಟ, ಬಕೆಟ್ ಕೊಳ್ಳಲು ಬಂದಿದ್ದ ರಹೀಮುನ್ನೀಸಾ ನಡುವೆ ನಿಂತು ಇದು ನಿಮ್ದು, ಅದು ಅವರ್ದು, ನೀವು ಬಂದಾಗ ಕಾಲಾಗೆ ಹವಾಯಿ ಇತ್ತು, ಚರ್ಮದ್ದಲ್ಲ ಎಂದು ನ್ಯಾಯ ತೀರಿಸಿದಳು, ಸಂಜೆಯೊಳಗೆ ಕೆಲಸ ಸಿಕ್ಕಿತು, ಬಕೆಟ್ಟೂ ಪುಕ್ಕಟೆ ಬಂತು. ಟೋಕನ್ ಇಲ್ಲ, ಚೀಟಿ ಇಲ್ಲ, ಒಂದೇ ಕಾನೂನು, ಚಪ್ಪಲಿ ಇಲ್ಲಿದ್ದರೆ ಮನುಷ್ಯ ಒಳಗಿದ್ದಾನೆ, ಗದ್ದಲದಲ್ಲಿ ತಪ್ಪಿಸಿಕೊಂಡ ಗಂಡನನ್ನೋ ಮಕ್ಕಳನ್ನೋ ಹುಡುಕುವವರು ಮೈಕಿನವನ ಹತ್ತಿರ ಹೋಗುವ ಮೊದಲು ಇವಳ ಹತ್ತಿರ ಬರುತ್ತಿದ್ದರು, ಇವಳು ಕಣ್ಣಾಡಿಸಿ ಅದಾರೆ ಹೋಗ್ರಿ ಅಂದರೆ ಅದಾರೆ. ಜನರ ಬಾಯಲ್ಲಿ ಅವಳು ರೈಮಕ್ಕ, ರೈಮಕ್ಕ ಅಂದಮೇಲೆ ಆಯಿತು ಎನ್ನುತ್ತಿದ್ದರು.

ಆಗಿನ ದೀಪಾವಳಿ ಏನು, ರಂಜಾನ್ ಏನು, ಉಗಾದಿಗೆ ಮೆಟ್ಟಿಲ ಮೇಲೆ ಇರುವೆ ನುಸುಳಲು ಜಾಗವಿಲ್ಲ, ಹೊನ್ನಾಳಿ ಕಡೆಯ ಎರೆಮಣ್ಣು ಮೆತ್ತಿದವು ಒಂದು ಸಾಲು, ಈ ಕಡೆಯ ಕೆಂಪು ಧೂಳಿನವು ಒಂದು ಸಾಲು, ಮಣ್ಣು ನೋಡಿ ಯಾವ ಬಸ್ಸಿನವರು ಎಂದು ಹೇಳುತ್ತಿದ್ದಳು — ಅದು ಯಾವಾಗ ತಗ್ಗಿತು, ಮೊದಲನೆಯವನು ಚಪ್ಪಲಿ ಹಾಕಿಕೊಂಡೇ ಒಳಗೆ ಹೋದದ್ದು ಯಾವತ್ತು, ನೆನಪಿಲ್ಲ, ನೆಲದ ಹೊಳಪು ಹೋಯಿತು, ಅದರ ಜೊತೆಗೆ ಜನರ ಅಳುಕೂ ಹೋಯಿತು, ಹೋದದ್ದು ಒಳ್ಳೆಯದೇ ಬಿಡು, ಅಂಗಡಿಗೆ ಯಾಕೆ ಅಳುಕಬೇಕು. ಆಮೇಲೆ ಫೋನು, ಹುಡುಗಿಯರು ಟ್ರಯಲ್ ರೂಮಿನಲ್ಲಿ ಹಾಕಿ ನೋಡಿ, ಫೋಟೋ ತೆಗೆದು, ಅದನ್ನೇ ಫೋನಿನಲ್ಲಿ ತರಿಸಿಕೊಳ್ಳುವುದು, ಡಬ್ಬ ಹೊತ್ತ ಹುಡುಗ ಮನೆ ಬಾಗಿಲಿಗೇ ಬರುತ್ತಾನೆ, ಶೂ ಬಿಡುವುದೂ ಇಲ್ಲ, ಒಳಗೆ ಬರುವುದೂ ಇಲ್ಲ, ನೀರು ಕೊಡಲೇ ಎಂದು ಕೇಳುವಷ್ಟರಲ್ಲಿ ಬೈಕು ಹೊರಟಿರುತ್ತದೆ. ಜಗಳೂರು ಮುಚ್ಚಿತು, ಅಲ್ಲಿಯ ಮಾರಾಟವಾಗದ ಬಕೆಟ್ಟುಗಳು ಇಲ್ಲಿಗೆ ಬಂದವು, ನ್ಯಾಮತಿ ಮುಚ್ಚಿತು, ಸೀರೆ ಉಡಿಸುವ ಗೊಂಬೆಗಳು ಬಂದವು, ಹೊನ್ನಾಳಿಯಿಂದ ಚಕ್ರ ಕಿರುಗುಟ್ಟುವ ತಳ್ಳುಗಾಡಿಗಳು, ಗಂಡನ ಮನೆಯಲ್ಲಿ ಏಗಲಾರದೆ ತವರಿಗೆ ಬಂದವರ ಹಾಗೆ ಎಲ್ಲ ಒಂದು ಮೂಲೆ ಹಿಡಿದು ನಿಂತವು. ಮಹಡಿಗೆ ಬೀಗ ಬಿತ್ತು, ಏಸಿ ನಿಂತಿತು, ಪ್ರಸನ್ನಕುಮಾರನ ಟೈ ಹೋಯಿತು, ತಲೆ ನರೆಯಿತು, ಆದರೂ ದಿನಾ ಸಂಜೆ ಬಂದು ಇವತ್ತೆಷ್ಟು ಜೊತೆ ರಹೀಮಮ್ಮ ಎಂದು ಕೇಳುವುದು ಬಿಡಲಿಲ್ಲ. ಹನ್ನೆರಡು ಸಾರ್, ಆರು ಸಾರ್, ಆಮೇಲೆ ಅವನು ಕೇಳುವ ಮೊದಲೇ ತಲೆಯಾಡಿಸಿಬಿಡುತ್ತಿದ್ದಳು, ಒಳ್ಳೆಯ ಮನುಷ್ಯ, ಇಲ್ಲದ ಕೆಲಸಕ್ಕೆ ಇಷ್ಟು ವರ್ಷ ಸಂಬಳ ಕೊಡಿಸಿದ.

ನೆರಳು ಎರಡನೇ ಮೆಟ್ಟಿಲಿಗೆ ಬಂತು, ಬಸ್ಸು ತಡವೋ, ಅವಳು ಬರಲೇ ಇಲ್ಲವೋ, ಸಿಟ್ಟಿದ್ದರೆ ಯಾಕೆ ಬರುತ್ತಾಳೆ. ಆರು ವರ್ಷದ ಹಿಂದೆ, ಮದುವೆಯ ದಿನಗಳು, ಬಸವಾಪಟ್ಟಣದಿಂದ ಮೂವರು ಜವಳಿಗೆ ಬಂದಿದ್ದಾರೆ, ಕೊಲ್ಲಾಪುರಮ್ಮ, ಅವಳ ಮಗಳು ಪವಿತ್ರ, ಕೊಲ್ಲಾಪುರಮ್ಮನ ತಮ್ಮ ಹಾಲೇಶಪ್ಪ, ಹೆಣ್ಣು ಪವಿತ್ರ, ಗಂಡು ಸೋದರಮಾವ ಹಾಲೇಶಪ್ಪನೇ, ಕೆಟ್ಟವನಲ್ಲ ಪಾಪ, ಅಕ್ಕನ ಗಂಡ ತೀರಿಕೊಂಡ ಮೇಲೆ ಆ ಮನೆಯ ಅಕ್ಕಿ ಬೇಳೆ ನೋಡಿಕೊಂಡವನು, ಅದಕ್ಕೇ ಬೇಡ ಅನ್ನಲು ಆ ಮನೆಯಲ್ಲಿ ಯಾರಿಗೂ ಬಾಯಿರಲಿಲ್ಲ, ಹುಡುಗಿಗಿಂತ ಹದಿನೇಳು ವರ್ಷ ದೊಡ್ಡವನಾದರೂ. ತಾಯಿ ಮಗಳದು ಒಂದೇ ಅಚ್ಚಿನ ಕಾಲು, ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ, ಪವಿತ್ರ ನೀಲಿ ಚಪ್ಪಲಿಯನ್ನು ಗೋಡೆಗೆ ಒತ್ತಿ ಜೋಡಿಸಿಟ್ಟು ಒಮ್ಮೆ ನೋಡಿದಳು, ಚಪ್ಪಲಿಯನ್ನು, ಆಮೇಲೆ ರಹೀಮುನ್ನೀಸಾಳನ್ನು. ಅರ್ಧ ಗಂಟೆಗೆ ಪಕ್ಕದ ಓಣಿಯಿಂದ ಕಂಪನಿಯ ಲಗೇಜ್ ಗಾಡಿ ಬಂತು, ನಾಲ್ಕೂ ಅಂಗಡಿಗೆ ಸಾಮಾನು ಸಾಗಿಸುತ್ತಿದ್ದ ತಿಪ್ಪೇಶನ ಗಾಡಿ, ಅವನ ಗಾಡಿ ಬಂದ ದಿನವೇ ಈ ನೀಲಿ ಚಪ್ಪಲಿಯೂ ಬರುತ್ತಿದ್ದದ್ದು ಮೆಟ್ಟಿಲ ಮೇಲೆ ಕೂತವಳಿಗೆ ಗೊತ್ತಿಲ್ಲದೆ ಇರುತ್ತದೆಯೇ, ಗಾಡಿ ರಸ್ತೆಯ ಹಂಪಿನ ಮೇಲೆ ಕುಲುಕಿತು, ಟಾರ್ಪಾಲು ಸರಿಯಿತು, ಹೊನ್ನಾಳಿಗೆ ಹೊರಟ ಬಕೆಟ್ಟುಗಳ ನಡುವೆ ಒಂದು ಕಾಲು, ಹೊಸ ಸ್ಯಾಂಡಲ್ಲು, ಬೆಲೆಯ ಚೀಟಿ ಇನ್ನೂ ನೇತಾಡುತ್ತಿದೆ, ಪಕ್ಕದ ಬೆರಳಿನ ಮೇಲೆ ಹತ್ತಿ ಕೂತ ಕಿರುಬೆರಳು. ಯಾ ಅಲ್ಲಾ ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಕೊಲ್ಲಾಪುರಮ್ಮ, ತಮ್ಮನನ್ನು ಜೊತೆಗೇ ಕರೆದುಕೊಂಡು, ರೈಮಕ್ಕ, ನಮ್ಮ ಪವಿತ್ರ ಹೊರಗೆ ಬಂದ್ಲೇನು. ಇವಳ ಕೈ ತಾನಾಗಿ ಗೋಡೆಯ ಕಡೆ ಹೋಯಿತು, ಚಪ್ಪಲಿ ಇಲ್ಲೇ ಐತಲ್ರಿ. ಹಾಲೇಶಪ್ಪ ಪಿನ್ನು ಹಾಕಿದ ನೀಲಿ ಚಪ್ಪಲಿ ನೋಡಿದ, ಹಂಗಾರೆ ಒಳಗೇ ಅದಾಳೆ ಬಿಡಕ್ಕ ಎಂದ, ಮಹಡಿ ಹುಡುಕಿದ, ಟ್ರಯಲ್ ರೂಮು ತಟ್ಟಿಸಿದ, ಮೈಕಿನಲ್ಲಿ ಹೆಸರು ಕೂಗಿಸಿದ, ಒಂದು ಗಂಟೆ ಹೀಗೇ ಹೋಯಿತು, ಅಷ್ಟರಲ್ಲಿ ಗಾಡಿ ಹೊನ್ನಾಳಿಯ ಸೇತುವೆ ದಾಟಿತ್ತು. ಆ ಸಂಜೆ ಪ್ರಸನ್ನಕುಮಾರ್ ಹೆದರಿ ಬಿಲ್ಲುಗಳನ್ನೆಲ್ಲ ಜಾಲಾಡಿದ, ಸ್ಯಾಂಡಲ್ಲಿನ ಬಿಲ್ ಆಗಿತ್ತು, ಸದ್ಯ ಹುಡುಗಿ ಕದ್ದುಕೊಂಡೇನೂ ಹೋಗಿಲ್ಲ ಎಂದು ಉಸಿರುಬಿಟ್ಟ.

ಸುಳ್ಳೇನೂ ಹೇಳಲಿಲ್ಲವಲ್ಲ, ಚಪ್ಪಲಿ ಇತ್ತು, ಇದೆ ಎಂದೆ, ಎಂದು ನಮಾಜಿಗೆ ಕೂತಾಗಲೆಲ್ಲ ವಾದಿಸಿದ್ದೇ ವಾದಿಸಿದ್ದು, ಆದರೆ ಅಲ್ಲಾಹನೇನು ತಾಲೂಕು ಆಫೀಸಿನ ಗುಮಾಸ್ತನೇ ಬರೆದಷ್ಟನ್ನೇ ಓದಿ ಸೀಲು ಹೊಡೆಯಲು, ಎದೆಯೊಳಗಿನದೂ ಅವನಿಗೆ ಗೊತ್ತು, ಹೆತ್ತವಳೊಬ್ಬಳು ನಂಬಿ ಕೇಳಿದಾಗ ಅವಳ ಕಣ್ಣಿಗೆ ಮಣ್ಣೆರಚಿದೆ. ಹುಡುಗಿ ತಿಪ್ಪೇಶನನ್ನು ಕಟ್ಟಿಕೊಂಡು ಚೆನ್ನಾಗಿದ್ದಾಳೆ, ಅದು ಗೊತ್ತು, ನ್ಯಾಮತಿ ಅಂಗಡಿ ಮುಚ್ಚಿದಾಗ ಉಳಿದ ಪ್ಲಾಸ್ಟಿಕ್ ಸಾಮಾನು ಹಿಡಿದು ತಿಪ್ಪೇಶ್ ಅಲ್ಲೇ ಸ್ವಂತ ಅಂಗಡಿ ಇಟ್ಟ, ಒಬ್ಬಳು ಮಗಳು, ಹಾಲೇಶಪ್ಪನಿಗೂ ಜಗಳೂರು ಕಡೆಯ ಹೆಣ್ಣು ಬಂತು. ಕೊಲ್ಲಾಪುರಮ್ಮ ಮಾತ್ರ ಆಮೇಲೆ ಈ ಮೆಟ್ಟಿಲು ಹತ್ತಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿಬಿಡುತ್ತಿದ್ದಳು, ಅದು ಸಿಟ್ಟಲ್ಲದೆ ಇನ್ನೇನು — ಸ್ಲಿಪ್ಪರು, ಶೂ, ಮಗುವಿನ ಪೀಂಪೀಂ ಬೂಟು, ಆಮೇಲೆ ಎರಡು ಕಾಲು ನಿಂತವು. ನಿಂತೇ ಇವೆ, ಬಿರುಕು ಬಿಟ್ಟ ಹಿಮ್ಮಡಿ, ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ, ಒಂದೊಂದಾಗಿ ಚಪ್ಪಲಿ ಬಿಟ್ಟವು, ಇವತ್ತಿಡೀ ದಿನಕ್ಕೆ ಅದೊಂದೇ ಜೊತೆ. ರಹೀಮುನ್ನೀಸಾ ಸ್ಟೂಲಿನಿಂದ ಎದ್ದಳು.

ಅಂದುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು, ಗಾಡಿ, ಟಾರ್ಪಾಲು, ಬೆರಳು, ನೋಡಿದ್ದೆ ಕಣ್ರಿ, ನೋಡೀನೂ ಹೇಳ್ಲಿಲ್ಲ, ಚೀಲವನ್ನು ಮುಂದೆ ಹಿಡಿದಳು, ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು, ಬೈಗುಳ ಬರಲಿಲ್ಲ. ಕೊಲ್ಲಾಪುರಮ್ಮ ಮೆಟ್ಟಿಲ ಮೇಲೆ ಕೂತಳು, ಚೀಲದೊಳಗೆ ಇಣುಕಿ ಪಿನ್ನನ್ನು ಬೆರಳಿನಿಂದ ಸವರಿದಳು, ಈ ಪಿನ್ನು ನಂದು ಎಂದಳು, ಆಮೇಲೆ ರಸ್ತೆ ನೋಡುತ್ತಾ, ಆ ಹೊಸ ಚಪ್ಪಲಿ ಕೊಡಿಸ್ದೋಳು ನಾನೇ ಕಣಕ್ಕ, ಬರಿಗಾಲಾಗೆ ಮಗಳನ್ನ ಕಳಿಸ್ತಾರೇನು. ರಹೀಮುನ್ನೀಸಾ ಅಲ್ಲೇ ಅವಳ ಪಕ್ಕ ಕೂತಳು. ಹಳೇವು ಇಲ್ಲೇ ಬಿಡು ಎಂದು ಹೇಳಿಕೊಟ್ಟವಳೂ ಅವಳೇ, ಓಣಿಯ ಕಡೆಯ ಸಾಮಾನಿನ ಬಾಗಿಲ ಚಿಲಕ ತೆಗೆದವಳೂ ಅವಳೇ, ತಮ್ಮನಿಗೆ ತಾನು ಬೇಡ ಅನ್ನುವ ಹಾಗಿರಲಿಲ್ಲ, ಉಪ್ಪಿನ ಋಣ, ರೈಮಕ್ಕ ಅಂದರೆ ಅವನು ನಂಬುತ್ತಾನೆ ಎಂದು ಗೊತ್ತಿತ್ತು, ಅದಕ್ಕೇ ಅವನನ್ನು ಜೊತೆಗೆ ಕರೆದುಕೊಂಡು ಬಂದು ಅವನ ಎದುರಿಗೇ ಕೇಳಿದ್ದು. ಏನೂ ಅರಿಯದ ನಿನ್ನ ಬಾಯಿಂದ ಸುಳ್ಳಾಡಿಸಿದ್ನಲ್ಲ, ಯಾವ ಮುಖ ಇಟ್ಕೊಂಡು ಈ ಮೆಟ್ಲು ಹತ್ಲಿ ಅಂತ ಬರ್ಲಿಲ್ಲ ಎಂದಳು. ಹಾಗಾದರೆ ಸಿಟ್ಟಲ್ಲ, ಆರು ವರ್ಷ ಇವಳು ಅವಳಿಗೆ ಹೆದರಿ, ಅವಳು ಇವಳಿಗೆ ನಾಚಿ, ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಸೆರಗು ಸರಿಮಾಡಿಕೊಂಡಿದ್ದೇ ಬಂತು, ನಗು ಮೊದಲು ಯಾರಿಗೆ ಬಂತೋ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಒಳಗೆ ಹೋಗುತ್ತಿದ್ದ ಶೂ ಒಂದು ನಿಂತು ನೋಡಿ ಮುಂದೆ ಹೋಯಿತು. ಈಗ ಹಾಲೇಶನೇ ಪವಿತ್ರನ ಮಗೀಗೆ ಗೆಜ್ಜೆ ತಂದುಕೊಟ್ಟಾನೆ ಎಂದಳು ಕೊಲ್ಲಾಪುರಮ್ಮ ಕಣ್ಣೊರೆಸಿಕೊಂಡು.

ಆಮೇಲೆ ಎದ್ದು, ಅವತ್ತು ಹಿಡಿದ ಸೀರೆ ಹಂಗೇ ಬಿಟ್ಟೋದ್ವಿ, ಮಗಳಿಗೆ ಮದುವೆ ಸೀರೇನೇ ತಗೊಳ್ಲಿಲ್ಲ, ಇವತ್ತೊಂದು ತಗೊಂಡು ನಾಳೆ ನ್ಯಾಮತಿಗೆ ಹೋಗ್ತೀನಿ, ನೋಡ್ಕೊಂಡಿರು ಎಂದು ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಳು, ಬರಿಗಾಲಲ್ಲಿ, ಒಡೆದ ಟೈಲ್ಸಿನ ಮೇಲೂ ಮೆಲ್ಲಗೆ, ಹೊಸ ನೆಲವೆಂಬಂತೆ. ನೋಡಿಕೊಂಡಿರು ಅಂದಳು, ಸರಿ, ನೋಡಿಕೊಳ್ಳುತ್ತೇನೆ, ಹನ್ನೊಂದು ವರ್ಷ ನೋಡಿಕೊಂಡದ್ದು, ಇದೊಂದು ಜೊತೆ ನೋಡಿಕೊಳ್ಳುವುದಿಲ್ಲವೇ, ನಾಳೆ ಗುಂಡಿ, ಕಾಜ, ರುಕ್ಸಾನಾಳ ಮಷಿನ್ನಿನ ಸದ್ದು, ಅದೂ ಚೆನ್ನಾಗಿರುತ್ತದೆ — ಚೀಲ ಮಾತ್ರ ಇವಳ ಮಡಿಲಲ್ಲೇ ಉಳಿಯಿತು. ಅದರೊಳಗಿನ ನೀಲಿ ಚಪ್ಪಲಿ ತೆಗೆದಳು, ಸೆರಗಿನಿಂದ ಧೂಳು ಒರೆಸಿದಳು, ಕೊಲ್ಲಾಪುರಮ್ಮ ಬಿಟ್ಟುಹೋದ ಹಳೆಯ ಜೊತೆಯ ಪಕ್ಕದಲ್ಲಿ ಗೋಡೆಗೆ ಒತ್ತಿ ಜೋಡಿಸಿಟ್ಟಳು. ಐದಾಯಿತು, ಪ್ರಸನ್ನಕುಮಾರ್ ಷಟರ್ ಎಳೆಯುವ ಕಬ್ಬಿಣದ ಸಲಾಕೆ ಹಿಡಿದು ಬಂದ, ಒಳಗೆ ಯಾರಾದರೂ ಇದ್ದಾರಾ ರಹೀಮಮ್ಮ ಎಂದ, ಅವಳು ಕಣ್ಣಾಡಿಸಿದಳು, ಅಭ್ಯಾಸ, ಎರಡು ಜೊತೆ, ತಾಯಿಯದೊಂದು, ಮಗಳದೊಂದು, ತಡೀರಿ ಸಾರ್, ಇಬ್ಬರು ಅದಾರೆ ಎಂದಳು, ಸೀರೆ ಆರಿಸ್ತಾ ಅದಾರೆ. ಅವನು ಒಳಗೆ ಇಣುಕಿದ, ಒಬ್ಬರೇ ಅಲ್ಲವೇ ಎನ್ನುವಂತೆ ಇವಳ ಮುಖ ನೋಡಿದ, ಅವಳು ಅವನನ್ನು ನೋಡುತ್ತಿರಲಿಲ್ಲ, ಚಪ್ಪಲಿ ಇಲ್ಲೇ ಐತಲ್ರಿ, ನೀಲಿ ಚಪ್ಪಲಿ, ಎಡಗಾಲಿನ ಪಟ್ಟಿಗೆ ಪಿನ್ನು, ಇಲ್ಲೇ ಐತೆ.